ಮೆಂತ್ಯದ ಸತ್ವ ಮತ್ತು ಬಡಗಿಯ ಹೋತ

ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಪಶು ಆಸ್ಪತ್ರೆಯಲ್ಲಿದ್ದಾರೆ ಎಂದು ಹೇಳಿ ಮಾತು ಬದಲಿಸುತ್ತೇನೆ. ಬದಲಿಸದಿದ್ದರೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ನಿಜ ಹೇಳಬೇಕಾಗುತ್ತದೆ. ನನ್ನ ಗಂಡ ಬಾಲ ಹಿಡಿಯುತ್ತಾರೆ.

ನಗಬೇಡಿ, ಅದಕ್ಕೂ ಒಬ್ಬರು ಬೇಕು. ಡಾಕ್ಟರು ಹಸುವಿನ ಹಿಂದೆ ನಿಂತು ಪರೀಕ್ಷೆ ಮಾಡುವಾಗ ಯಾರಾದರೂ ಅದರ ಬಾಲವನ್ನು ಪಕ್ಕಕ್ಕೆ ಹಿಡಿದು ನಿಲ್ಲದಿದ್ದರೆ ಅದು ಡಾಕ್ಟರ ಮುಖಕ್ಕೆ ಬೀಸುತ್ತದೆ, ಬೀಸುವ ಬಾಲ ಯಾವತ್ತೂ ಚೊಕ್ಕಟವಾಗಿರುವುದಿಲ್ಲ. ಮೀಸೆ ಚಿಗುರುವಾಗ ಆ ಕೆಲಸಕ್ಕೆ ಸೇರಿದವರು, ಈಗ ಮೀಸೆ ಪೂರ್ತಿ ಬಿಳಿಯಾಗಿದೆ. ಎಮ್ಮೆಯ ಬಾಲ ಎಲ್ಲಿ ಹಿಡಿಯಬೇಕು, ಕಡಸಿನ ಬಾಲ ಎಷ್ಟು ಮೆತ್ತಗೆ ಹಿಡಿಯಬೇಕು ಎಂದು ಶುರುಮಾಡಿದರೆ ಊಟದ ತಟ್ಟೆ ಒಣಗುವವರೆಗೂ ನಿಲ್ಲಿಸುವುದಿಲ್ಲ. ಕೈಗೂ ಅದೇ ಚಾಳಿ ಅಂಟಿಕೊಂಡಿದೆ. ಕಿಟಕಿಯ ಪಕ್ಕ ನಿಂತರೆ ಪರದೆಯ ತುದಿ ಹಿಡಿದುಕೊಳ್ಳುತ್ತಾರೆ, ನಾನು ಮುಂದೆ ನಡೆಯುತ್ತಿದ್ದರೆ ನನ್ನ ಜಡೆಯ ತುದಿ. ಬೇಕೆಂದು ಹಿಡಿಯುವುದಿಲ್ಲ ಪಾಪ, ಕೈ ತಾನಾಗಿ ಹೋಗುತ್ತದೆ. ಒಂದು ಸಲ ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸಿನ ಜಡೆ ಹಿಡಿದು ನಿಂತಿದ್ದರು. ಅವಳು ತಿರುಗಿ ನೋಡಿದಾಗ ಬಿಡುವ ಬದಲು, ಹೆದರಬೇಡ ಎಂದು ಸಮಾಧಾನ ಮಾಡಿದರಂತೆ. ಆವತ್ತಿನಿಂದ ಬ್ಯಾಂಕಿಗೆ ನಾನೇ ಹೋಗುತ್ತೇನೆ.

ಇಷ್ಟರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟು ವರ್ಷ ದನಗಳ ಹಿಂದೆ ನಿಂತು ಅವರ ತಲೆಗೆ ಒಂದು ವಿಚಾರ ಹೊಕ್ಕಿತು. ಆಸ್ಪತ್ರೆಗೆ ಬರುವವರಲ್ಲಿ ಅರ್ಧ ಜನರದು ಒಂದೇ ದೂರು. ಹಸು ಬೆದೆಗೆ ಬರುತ್ತಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ. ಇದಕ್ಕೆ ಸೊಪ್ಪು, ಬೀಜಗಳಲ್ಲೇ ಮದ್ದು ಇದೆ, ಅದನ್ನು ಹಿಂಡಿ ತೆಗೆಯುವವನು ಹುಟ್ಟಿರಲಿಲ್ಲ ಅಷ್ಟೆ, ಈಗ ಹುಟ್ಟಿದ್ದೇನೆ ಎಂದು ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಘೋಷಿಸಿದರು. ಮದ್ದು ಇರಬಹುದು, ಆದರೆ ಅದನ್ನು ನನ್ನ ಅಡುಗೆಮನೆಯಲ್ಲೇ ಹಿಂಡಬೇಕಾಗಿತ್ತೇ ಎಂಬುದು ನನ್ನ ಪ್ರಶ್ನೆ.

ಮೆಂತ್ಯವನ್ನು ನೆನೆಹಾಕಿ, ಮೊಳಕೆ ಬರಿಸಿ, ರುಬ್ಬುವುದು. ನುಗ್ಗೆಸೊಪ್ಪಿನ ರಸ ತೆಗೆಯುವುದು. ಲೋಳೆಸರದ ತಿರುಳು ಕೆರೆದು ಸೇರಿಸುವುದು. ಎಲ್ಲವನ್ನೂ ನನ್ನ ದೊಡ್ಡ ಪಾತ್ರೆಗೆ ಸುರಿದು, ಅರ್ಧಕ್ಕಿಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ತಮ್ಮ ಹಳೆಯ ಅಂಗಿಯಲ್ಲಿ ಸೋಸಿ, ಬೆಲ್ಲ ಕರಗಿಸಿ ಸೀಸೆಗೆ ತುಂಬುವುದು. ಕಷಾಯ ಎಂದರೆ ಮುಖ ಸಿಂಡರಿಸುತ್ತಾರೆ, ಅದು ಸತ್ವ. ಮನೆಯ ಗೋಡೆ, ದಿಂಬು, ಸೋಪು, ಕೊನೆಗೆ ಗಡಿಯಾರದಿಂದಲೂ ಮೆಂತ್ಯದ ವಾಸನೆ ಬರತೊಡಗಿತು. ಪ್ರತಿ ಸೀಸೆಯನ್ನೂ ಮೊದಲು ತಾವೇ ಒಂದು ಲೋಟ ಕುಡಿಯುತ್ತಿದ್ದರು. ಬಾಯಿಲ್ಲದ ಜೀವಕ್ಕೆ ಕೊಡುವ ಮುಂಚೆ ಬಾಯಿ ಇರುವವನು ಕುಡಿದು ನೋಡಬೇಕು ಎಂಬುದು ಅವರ ನಿಯಮ. ನಿಯಮವೇನೋ ಒಳ್ಳೆಯದೇ. ಆದರೆ ಮೆಂತ್ಯ ಕುಡಿದವರ ಬೆವರೂ ಮೆಂತ್ಯವೇ ಆಗುತ್ತದೆ. ಬೀದಿಯ ತಿರುವಿನಲ್ಲಿ ಅವರು ಕಾಣಿಸುವ ಮೊದಲೇ, ಬಂದರು ಎಂದು ನಾನು ಒಲೆ ಹಚ್ಚುತ್ತಿದ್ದೆ.

ಈ ಹುಚ್ಚನ್ನು ನಾನು ಸಹಿಸಿಕೊಂಡಿದ್ದಕ್ಕೆ ಕಾರಣ ನನ್ನ ಆಡುಗಳು.

ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ನನ್ನ ಏಳು ಆಡುಗಳಿವೆ. ಮೊದಲು ಒಂದೇ ಇತ್ತು, ಯಜಮಾನಿ ಎಂದು ಕರೆಯುತ್ತೇನೆ. ಅದರ ಗತ್ತು ನೋಡಿದರೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಉಳಿದವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಒಂದೊಂದೂ ನನ್ನ ಕೈಗೇ ಜಾರಿ ಬಿದ್ದದ್ದು, ಮೂಗಿನ ಲೋಳೆ ಒರೆಸಿ ಮೊದಲ ಉಸಿರು ಎಳೆಸಿದವಳು ನಾನು. ಬೀದಿಯ ಅರ್ಧ ಮನೆಗಳಿಗೆ ನಮ್ಮದೇ ಹಾಲು. ಆ ವರ್ಷ ಮಾತ್ರ ಒಂದೂ ಬೆದೆಗೆ ಬರಲಿಲ್ಲ. ಹೋದ ಸಲದ ಹಾಲು ಕಡಿಮೆಯಾಗುತ್ತಾ ಬಂದು, ಕರೆಯಲು ಕೂತರೆ ಪಾತ್ರೆಯ ತಳವೂ ಮುಚ್ಚುತ್ತಿರಲಿಲ್ಲ. ಆಡು ಮರಿ ಹಾಕದೆ ಹಾಲೆಲ್ಲಿಂದ ಬರಬೇಕು.

ಕೊಟ್ಟಿಗೆ ಇರುವ ಜಾಗ ನನ್ನ ಗಂಡನ ಅಕ್ಕನದು. ಅಕ್ಕ ಪಕ್ಕದ ಬೀದಿಯಲ್ಲಿರುತ್ತಾರೆ, ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. ಬಟ್ಟೆಯ ಮೇಲಷ್ಟೇ ಅಲ್ಲ, ಮನುಷ್ಯರಲ್ಲೂ ಸುಕ್ಕು ಕಂಡರೆ ಅವರಿಗೆ ಆಗುವುದಿಲ್ಲ. ಅಂಗಡಿ ಸಾಲದು, ಕೊಟ್ಟಿಗೆಯ ಜಾಗ ಬೇಕು ಎಂದು ಬಹಳ ದಿನದಿಂದ ಅವರ ಕಣ್ಣು ಅದರ ಮೇಲಿತ್ತು. ಹಾಲು ನಿಂತ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಂದು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. ಮಳೆ ಶುರುವಾಗುವ ಮುಂಚೆ ಡಾಕ್ಟರ ಹತ್ತಿರ ಸ್ಕ್ಯಾನಿಂಗ್ ಮಷೀನಿನಲ್ಲಿ ನೋಡಿಸು. ಗಬ್ಬ ಆಗಿದ್ದರೆ ಇರಲಿ. ಆಗಿಲ್ಲದಿದ್ದರೆ ಕಟುಕನಿಗೆ ಹೇಳಿ ಕೊಟ್ಟಿಗೆ ಖಾಲಿ ಮಾಡು. ಅವರ ತಮ್ಮ, ಅಂದರೆ ನಮ್ಮವರು, ಅಕ್ಕನ ಮುಂದೆ ಬೆಕ್ಕಿನ ಮರಿ. ಅಕ್ಕ ಹೋದ ಮೇಲೆ ನಾನು ಕೊಟ್ಟಿಗೆಗೆ ಹೋಗಿ ಯಜಮಾನಿಯ ಪಕ್ಕ ಕೂತು ಚೆನ್ನಾಗಿ ಅತ್ತೆ. ಅದು ನನ್ನ ಸೆರಗು ಮೇಯುತ್ತಾ ನಿಂತಿತ್ತು.

ನಮ್ಮವರಿಗೆ ಇದು ಸಂಕಟಕ್ಕಿಂತ ಅವಕಾಶವಾಗಿ ಕಂಡಿತು. ಸತ್ವಕ್ಕೆ ಕಾಲ ಕೂಡಿ ಬಂತು ಎಂದರು. ನನಗೂ ಬೇರೆ ದಾರಿ ಇರಲಿಲ್ಲ, ಒಪ್ಪಿಕೊಂಡೆ. ಬೆಳಗ್ಗೆ ಸಂಜೆ ನಾನು ಆಡಿನ ದವಡೆ ಹಿಡಿಯುವುದು, ಅವರು ಉದ್ದ ಕತ್ತಿನ ಸೀಸೆಯಿಂದ ಬಾಯಿಯ ಪಕ್ಕಕ್ಕೆ ಸತ್ವ ಸುರಿಯುವುದು. ಹಿಂಡಿದ ಮೆಂತ್ಯದ ಚರಟ, ನುಗ್ಗೆಯ ಕಡ್ಡಿ ಎಲ್ಲ ಅವುಗಳ ಮೇವಿನ ಬೋಗುಣಿಗೆ. ಆಡುಗಳಿಗೆ ಬೆಲ್ಲದ ರುಚಿ ಹತ್ತಿ, ಸೀಸೆ ಕಂಡರೆ ಸಾಕು ನುಗ್ಗಿ ಬರುತ್ತಿದ್ದವು. ಸುಳ್ಳು ಹೇಳಬಾರದು, ದಿನ ಕಳೆದಂತೆ ಅವುಗಳ ಮೈ ತುಂಬಿಕೊಂಡಿತು, ಕೂದಲು ಹೊಳೆಯಿತು. ಒಂದು ಬೆಳಗ್ಗೆ ಮೊಮ್ಮಗಳು ಆಡೊಂದು ಮೇವು ಬಿಟ್ಟು ಒಂದೇ ಸಮನೆ ಕೂಗುತ್ತಾ ಬಾಲ ಪಟಪಟ ಅಲ್ಲಾಡಿಸಿತು. ಆಡು ಬೆದೆಗೆ ಬಂದಿತೆಂದು ಹೇಳುವುದೇ ಬಾಲ. ಅದರ ಹಿಂದೆಯೇ ಉಳಿದವೂ ಒಂದೊಂದಾಗಿ ಅದೇ ರಾಗ ಹಿಡಿದವು.

ಬಾಲದ ವಿಷಯ ಬಂದ ಮೇಲೆ ನಮ್ಮವರನ್ನು ಹಿಡಿಯುವವರು ಯಾರು. ಹೊತ್ತಿಲ್ಲ ಗೊತ್ತಿಲ್ಲ, ಕೊಟ್ಟಿಗೆಗೆ ಹೋಗಿ ಒಂದೊಂದರ ಬಾಲವನ್ನೂ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಒಳಗಿನ ನಡುಕ ಬೆರಳಿಗೆ ತಿಳಿಯುತ್ತದಂತೆ. ಕೈಯಲ್ಲಿ ಸತ್ವ, ಬೆವರಿನಲ್ಲಿ ಸತ್ವ, ಆ ಕೈಯಲ್ಲಿ ಏಳೂ ಬಾಲ. ನಾನು ಹೇಳಿದೆ, ಹಿಡಿದರೆ ಯಾವ ಬಾಲವಾದರೂ ಅಲ್ಲಾಡುತ್ತದೆ, ಬಿಡಿಸಿಕೊಳ್ಳಲು ಅಲ್ಲಾಡುತ್ತದೆ ಎಂದು. ನನ್ನ ಮಾತನ್ನು ಯಾವಾಗ ಕಿವಿಗೆ ಹಾಕಿಕೊಂಡಿದ್ದರು. ಸಂಭ್ರಮದಲ್ಲಿ ಬಡಗಿಯ ಮನೆಗೆ ಓಡಿ ಹೋತ ತಂದರು.

ಬಡಗಿಯ ಹೋತಕ್ಕೆ ಸುತ್ತಮುತ್ತ ಒಳ್ಳೆಯ ಹೆಸರಿದೆ. ಹಲಗೆಗಳ ರಾಶಿಯ ಮೇಲೆ ನಿಂತು ಬೆಳೆದದ್ದು, ಗಡ್ಡದ ತುಂಬ ಮರದ ಪುಡಿ, ಇನ್ನು ಅದರ ನಾತದ ಬಗ್ಗೆ ಹೇಳದಿರುವುದೇ ಒಳ್ಳೆಯದು. ಇದರ ಕಣ್ಣಿಗೆ ಬಿದ್ದ ಆಡು ಬರಿಗೈಯಲ್ಲಿ ಹೋದದ್ದಿಲ್ಲ ಎಂದು ಬಡಗಿ ಎದೆ ಉಬ್ಬಿಸಿ ಹೇಳಿದ. ಮಗಳ ಊರಿಗೆ ಅದನ್ನು ಕಳಿಸಬೇಕಾಗಿದೆ, ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ ಎಂದ.

ಹೋತ ಗತ್ತಿನಿಂದ ಒಳಗೆ ಬಂತು. ಮೊಮ್ಮಗಳ ಹಿಂದೆ ಹೋಗಿ ಮೂಸಿತು. ತುಟಿ ಮೇಲಕ್ಕೆತ್ತಿ ಆಕಾಶ ನೋಡುತ್ತಾ ಬಹಳ ಹೊತ್ತು ಯೋಚಿಸಿತು. ಮುಂದಿನದನ್ನು ಮೂಸಿತು, ಮತ್ತೆ ಯೋಚನೆ. ಹೀಗೆ ಯಜಮಾನಿಯವರೆಗೂ ಮೂಸಿ ಮುಗಿಸಿ, ಏನೋ ತೀರ್ಮಾನಕ್ಕೆ ಬಂದಂತೆ ತಿರುಗಿ, ಗೋಡೆಗೊರಗಿ ನಿಂತಿದ್ದ ನನ್ನ ಗಂಡನ ಹತ್ತಿರ ನಡೆದುಬಂತು. ಅವರ ತೊಡೆ ಮೂಸಿತು. ಅದರ ಮುಖ ಅರಳಿತು. ನಾಲಿಗೆ ಹೊರಗೆ ಹಾಕಿ ಬ್ಳಬ್ಳಬ್ಳ ಎಂದು ಪ್ರೀತಿಯ ಮಾತಾಡಿ, ಮುಂಗಾಲೆತ್ತಿ ಅವರ ಮೊಣಕಾಲಿಗೆ ಮೆಲ್ಲಗೆ ತಟ್ಟಿತು. ಹೋತ ಆಡನ್ನು ಒಲಿಸಿಕೊಳ್ಳುವುದು ಹೀಗೆಯೇ.

ಸ್ನೇಹಜೀವಿ ಎಂದರು ನಮ್ಮವರು. ಅದರ ಕಣ್ಣು ನೋಡಿದ ನನಗೆ ಅದು ಸ್ನೇಹ ಅನ್ನಿಸಲಿಲ್ಲ. ಅವರು ನೀರು ಸೇದಲು ಹೋದರೆ ಹಿಂದೆ ಅದು. ಉಗುರು ಕತ್ತರಿಸಲು ಕೂತರೆ ಭುಜದ ಮೇಲೆ ಅದರ ಗಡ್ಡ. ಕಕ್ಕಸಿಗೆ ಹೋದರೆ ಬಾಗಿಲಿಗೆ ಹಣೆ ಹಚ್ಚಿ ಕಾಯುತ್ತಿತ್ತು. ಬೇರೆ ಗಂಡಸರು ಅವರ ಹತ್ತಿರ ಬಂದರೆ ಕೊಂಬು ತಗ್ಗಿಸುತ್ತಿತ್ತು, ಪತ್ರಿಕೆ ಹಾಕುವವನು ಕಾಂಪೌಂಡಿನ ಆಚೆಯಿಂದಲೇ ಎಸೆದು ಕಾಲಿಗೆ ಬುದ್ಧಿ ಹೇಳಿದ. ಅತ್ತ ನನ್ನ ಏಳು ಆಡುಗಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದವು. ನನಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು. ಬೆದೆ ಇಳಿದು ಹೋದರೆ, ಬಡಗಿ ಹೋತ ಕರೆದೊಯ್ದರೆ, ಅಲ್ಲಿಗೆ ನನ್ನ ಆಡುಗಳ ಕಥೆ ಮುಗಿಯಿತು.

ಮೂರನೆಯ ದಿನ ಹೋತ ಹಗ್ಗ ಕಿತ್ತುಕೊಂಡು ಅವರ ಹಿಂದೆ ಆಸ್ಪತ್ರೆಗೇ ಹೋಯಿತು. ನಾನೂ ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಹೋಗಿ ನೋಡಿದರೆ ಒಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಹಸುವನ್ನು ಪರೀಕ್ಷೆ ಮಾಡುತ್ತಿದ್ದಾರೆ, ನನ್ನ ಗಂಡ ಹಸುವಿನ ಬಾಲ ಹಿಡಿದಿದ್ದಾರೆ, ಗಂಡನ ಹಿಂದೆ ಹೋತ ಎರಡು ಕಾಲ ಮೇಲೆ ನಿಲ್ಲುವ ಪ್ರಯತ್ನದಲ್ಲಿದೆ. ಇವರು ಬಾಲ ಬಿಡುವಂತಿಲ್ಲ, ಬಿಟ್ಟರೆ ಡಾಕ್ಟರಿಗೆ ಏಟು. ಹಾಗಾಗಿ ಒಂದು ಕಾಲಿನಿಂದ ಹೋತವನ್ನು ಒದೆಯುತ್ತಾ, ಕರ್ತವ್ಯ ಬಿಡದೆ ನಿಂತಿದ್ದರು. ಹಸುವಿನ ಮಾಲೀಕ ನೆಲದ ಮೇಲೆ ಕೂತುಬಿಟ್ಟಿದ್ದ, ನಗು ತಡೆಯಲಾಗದೆ.

ಡಾಕ್ಟರಮ್ಮ ಕಡಿಮೆ ಮಾತಿನವರು. ಕೈ ತೊಳೆದುಕೊಂಡು ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ನಮ್ಮವರ ಅಂಗೈ ಎಳೆದು ಮೂಸಿ, ಒಂದು ಹೆಜ್ಜೆ ಹಿಂದೆ ಸರಿದರು.

"ಹೋತ ನೋಡೋದು ಮೂಗಲ್ಲಿ," ಎಂದರು. "ಏಳು ಆಡಿನ ಹಿಂದೆಯೂ ನಿಮ್ಮ ಕೈ ವಾಸನೆ ಮೆತ್ತಿಟ್ಟಿದ್ದೀರ. ಅವುಗಳ ಬೆದೆಯ ವಾಸನೆ ನಿಮಗೆ ಮೆತ್ತಿದೆ. ಹೋತದ ಲೆಕ್ಕದಲ್ಲಿ ನೀವೇ ಎಂಟನೇ ಆಡು. ಎಲ್ಲಕ್ಕಿಂತ ಜೋರಾಗಿ ಬೆದೆಗೆ ಬಂದಿರೋ ಆಡು."

ನಮ್ಮವರು ವಾದಕ್ಕಿಳಿದರು. ಆಡುಗಳನ್ನು ಬೆದೆಗೆ ತಂದದ್ದು ತಮ್ಮ ಸತ್ವವೇ ತಾನೇ ಎಂದು ಕೇಳಿದರು. ಡಾಕ್ಟರಮ್ಮ ಇರಬಹುದು ಎಂದರು. ಸೊರಗಿದ ಆಡಿಗೆ ಕಾಳು, ಸೊಪ್ಪು, ಬೆಲ್ಲ ಹೊಟ್ಟೆ ತುಂಬ ಬಿದ್ದರೆ ಮೈ ತುಂಬಿಕೊಂಡು ಬೆದೆಗೆ ಬರುವುದುಂಟು, ಅದು ಸತ್ವದ ಮಹಿಮೆಯೋ ಮೇವಿನ ಮಹಿಮೆಯೋ ಗೊತ್ತಿಲ್ಲ, ಸೋಸದೆ ಹಾಗೇ ತಿನ್ನಿಸಿದ್ದರೂ ಆಗುತ್ತಿತ್ತೋ ಏನೋ ಎಂದರು. ಸದ್ಯಕ್ಕೆ ಸತ್ವ ನಿಲ್ಲಿಸಿ, ಆಡುಗಳ ಹಿಂಭಾಗ ಸೋಪು ಹಾಕಿ ತೊಳೆದು, ಇವರನ್ನು ಕೊಟ್ಟಿಗೆಯ ಹತ್ತಿರ ಸುಳಿಯಲು ಬಿಡಬೇಡಿ. ಅವರು ಹೇಳಿದ ಮದ್ದು ಅಷ್ಟೇ.

ಸುಳಿಯುವುದಿಲ್ಲ ಎಂದು ನಮ್ಮವರು ಮಾತು ಕೊಟ್ಟರು. ನಾನು ಬಿಸಿನೀರಿನಲ್ಲಿ ಏಳೂ ಬಾಲಗಳನ್ನು ತಿಕ್ಕಿ ತೊಳೆದು ಹಿಂದೆ ತಿರುಗುವಷ್ಟರಲ್ಲಿ, ಚೆನ್ನಾಗಿ ಒಣಗಿದೆಯಾ ಎಂದು ಯಜಮಾನಿಯ ಬಾಲ ಹಿಡಿದು ನಿಂತಿದ್ದರು. ಆಗ ನನಗೆ ತಲೆ ಕೆಟ್ಟಿತು. ಅವರ ಬಟ್ಟೆ ಒಂದು ಚೀಲಕ್ಕೆ ತುರುಕಿ, ಅಕ್ಕನ ಮನೆಗೆ ಹೋಗಿ, ನಾನು ಕರೆಯುವವರೆಗೂ ಈ ಕಡೆ ತಲೆ ಹಾಕಬೇಡಿ ಎಂದೆ. ಮನೆಯಲ್ಲಿದ್ದರೆ ಬಾಗಿಲ ಸಂದಿನಿಂದಲಾದರೂ ಕೈ ಹಾಕುವ ಮನುಷ್ಯ. ಹೋತ ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿ ಅವರು ಬೀದಿ ತಿರುಗುವವರೆಗೂ ಕೂಗಿತು. ಅವರೂ ಎರಡು ಸಲ ತಿರುಗಿ ನೋಡಿದರು. ನನ್ನ ಕಡೆಗೋ ಹೋತದ ಕಡೆಗೋ ಗೊತ್ತಾಗಲಿಲ್ಲ.

ಹೋತ ಒಂದು ದಿನವೆಲ್ಲ ಉಪವಾಸ ಬಿದ್ದು ದುಃಖಿಸಿತು. ಮರುದಿನ ಎದ್ದು ಅತ್ತ ಇತ್ತ ಮೂಸಿ, ಲೋಕದಲ್ಲಿ ಬೇರೆ ಆಡುಗಳೂ ಇವೆ ಎಂದು ಕಂಡುಕೊಂಡಿತು. ನಾನು ಕೊಟ್ಟಿಗೆಯ ಬಾಗಿಲು ಎಳೆದುಕೊಂಡು ಬಂದೆ. ಬಡಗಿ ಬಂದು ಕರೆದೊಯ್ಯುವಾಗ ಅದು ಕೃಶವಾಗಿತ್ತು, ಆದರೆ ಗತ್ತು ಮರಳಿತ್ತು.

ಇನ್ನು ಕಾಯುವುದಷ್ಟೇ ಉಳಿದಿತ್ತು. ಮಷೀನಿಗೆ ಮರಿ ಕಾಣಿಸಬೇಕಾದರೆ ವಾರಗಳೇ ಬೇಕು. ಮೊದಮೊದಲು ನನಗೆ ಸ್ವರ್ಗ. ಕಿಟಕಿ ಎಲ್ಲ ತೆರೆದಿಟ್ಟೆ, ಪಾತ್ರೆ ಬೂದಿ ಹಾಕಿ ಉಜ್ಜಿದೆ, ದಿಂಬು ಬಿಸಿಲಿಗೆ ಹಾಕಿದೆ. ಮನೆ ಯಾವ ವಾಸನೆಯೂ ಇಲ್ಲದೆ ಚೊಕ್ಕಟವಾಯಿತು. ಆಮೇಲೆ ಆ ವಾಸನೆ ಇಲ್ಲದಿರುವುದೇ ಮೂಗಿಗೆ ಹೊಡೆಯತೊಡಗಿತು. ಬೈಯಲು ಯಾರೂ ಇಲ್ಲದೆ ನನ್ನ ಬಾಯಿ ತುಕ್ಕು ಹಿಡಿಯಿತು. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವಾಗ ಜಡೆಯ ತುದಿಗೆ ಏನೂ ತಾಗುತ್ತಿರಲಿಲ್ಲ. ಸಂಜೆಯಾದರೆ ಬೀದಿಯ ತಿರುವಿಗೆ ಮುಖ ಮಾಡಿ ಕೂರುತ್ತಿದ್ದೆ. ನನಗೆ ಅವರಿಲ್ಲದೆ ಬೇಜಾರಾಗಿತ್ತು, ಅಷ್ಟೆ. ಇಷ್ಟು ವರ್ಷ ಬೈದುಕೊಂಡು ಬದುಕಿದವಳಿಗೆ ಅದನ್ನು ಒಪ್ಪಿಕೊಳ್ಳಲು ನಾಚಿಕೆ.

ಅಕ್ಕನ ಮನೆಯಿಂದ ಸುದ್ದಿ ಬರುತ್ತಲೇ ಇತ್ತು. ಅಲ್ಲಿಯೂ ಒಲೆಯ ಮುಂದೆ ಕೂತರಂತೆ. ಅಕ್ಕನ ಕೋಳಿಗಳು ಮೊಟ್ಟೆ ಕಡಿಮೆ ಇಡುತ್ತಿವೆ ಎಂದು ಅವಕ್ಕೊಂದು ಸತ್ವ ಶುರುವಾಯಿತಂತೆ. ಇಸ್ತ್ರಿ ಮಾಡಿದ ಬಟ್ಟೆಯೆಲ್ಲ ಮೆಂತ್ಯ ನಾರಿ, ಒಬ್ಬ ವಕೀಲರು ಕೋಟನ್ನು ವಾಪಸು ಕಳಿಸಿದರಂತೆ. ಹುಂಜದ ಬಾಲ ಹಿಡಿದು ನಿಂತದ್ದಕ್ಕೆ ಅದು ಕೈ ಕುಕ್ಕಿತಂತೆ, ಅಕ್ಕ ತಮ್ಮನಿಗೂ ಹುಂಜಕ್ಕೂ ಸೇರಿಸಿ ಬೈದರಂತೆ. ಕೇಳಿ ನನಗೆ ಹೊಟ್ಟೆ ತುಂಬ ನಗು ಬಂತು. ನಕ್ಕು ಮುಗಿದ ಮೇಲೆ ಮನೆ ಇನ್ನಷ್ಟು ಖಾಲಿ ಎನ್ನಿಸಿತು.

ಮಳೆಮೋಡ ಕಟ್ಟಿ ಆಕಾಶ ಕಪ್ಪಿಡುವ ಹೊತ್ತಿಗೆ ಡಾಕ್ಟರಮ್ಮ ಮಷೀನು ಹಿಡಿದು ಬಂದರು. ಒಂದೊಂದು ಆಡನ್ನೂ ನಾನು ಗೋಡೆಗೆ ಒತ್ತಿ ಹಿಡಿದೆ, ಅವರು ಹೊಟ್ಟೆಗೆ ಅಂಟು ಬಳಿದು ಮಷೀನು ಇಟ್ಟರು. ಮೊಮ್ಮಗಳು, ಆಗಿದೆ. ಅದರಕ್ಕ, ಆಗಿದೆ. ಹೀಗೇ ಆರೂ ಆಗಿದ್ದವು. ಕೊನೆಗೆ ಯಜಮಾನಿ. ವಯಸ್ಸಾಗಿದೆ ನೋಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟರು. ಮಷೀನು ಒತ್ತಿದರು, ಸರಿಸಿದರು, ಮತ್ತೆ ಒತ್ತಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಮೋಡದಂಥದ್ದರ ನಡುವೆ ಎರಡು ಪುಟ್ಟ ಗುಂಡಿಗೆಗಳು ಟುಕುಟುಕು ಎನ್ನುತ್ತಿದ್ದವು. ನಾನು ಯಜಮಾನಿಯ ಕತ್ತು ತಬ್ಬಿಕೊಂಡು ಅತ್ತೆ. ಈ ಸಲವೂ ಅದು ಸೆರಗನ್ನೇ ತಿನ್ನುತ್ತಿತ್ತು.

ಅಂಟು ಮೆತ್ತಿದ ಕೈಯಲ್ಲೇ ಅಕ್ಕನ ಮನೆಗೆ ಹೊರಟೆ. ದಾರಿಯುದ್ದಕ್ಕೂ ಒಂದು ಮಾತು ಮಸೆಯುತ್ತಾ ಹೋದೆ. ಹೇಗೂ ತಮ್ಮ ಸತ್ವದಿಂದಲೇ ಆಯಿತು ಅನ್ನುತ್ತಾರೆ, ಅನ್ನಲಿ. ಸತ್ವದಿಂದಲ್ಲ ಸ್ವಾಮಿ, ನೀವು ತೊಲಗಿದ್ದರಿಂದ ಆಯಿತು ಎಂದು ಬೀದಿಗೆ ಕೇಳಿಸುವಂತೆ ಹೇಳಬೇಕು. ಅಕ್ಕ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿಯೇ ವಿಷಯ ಗೊತ್ತಾಯಿತು. ಆದರೆ ಈಗ ಅವರ ಚಿಂತೆ ಅದಾಗಿರಲಿಲ್ಲ.

"ಕೊಟ್ಟಿಗೆ ನೀನೇ ಇಟ್ಕೊಳ್ಳಮ್ಮ," ಎಂದರು. "ಬೇಕಿದ್ರೆ ಇನ್ನೊಂದು ಕಟ್ಟಿಸಿಕೊಡ್ತೀನಿ. ಇವನನ್ನ ಮೊದಲು ಕರ್ಕೊಂಡು ಹೋಗು."

ನಮ್ಮವರು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಇಳಿದುಹೋಗಿದ್ದರು, ಹುಂಜ ಕುಕ್ಕಿದ ಕೈಗೆ ಪಟ್ಟಿ. ನನ್ನನ್ನು ಕಂಡು ಎದ್ದು ನಿಂತು, ಆಯ್ತಾ ಎಂದಷ್ಟೇ ಕೇಳಿದರು. ಏಳೂ ಆಗಿವೆ, ಯಜಮಾನಿಗೆ ಎರಡು ಎಂದೆ. ಅವರ ಮುಖ ಅರಳಿತು, ಆಮೇಲೆ ಬಾಡಿತು. ನಾನು ಮಸೆದ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಸತ್ವದ ಹೆಸರೇ ಬರಲಿಲ್ಲ.

"ನಾನು ಇಲ್ಲದೆ ಇದ್ದಿದ್ದಕ್ಕೆ ಆಯ್ತು, ಅಲ್ವಾ?" ಎಂದರು. "ಗೊತ್ತು ನನಗೆ. ಒಂದು ಕೆಲಸ ಮಾಡೋಣ. ಅವು ಮರಿ ಹಾಕೋವರೆಗೂ ನಾನು ಇಲ್ಲೇ ಇದ್ದುಬಿಡ್ತೀನಿ. ನನ್ನ ಕೈಯಿಂದ ಏನಾದ್ರೂ ಎಡವಟ್ಟಾದ್ರೆ ನಿನಗೆ ತಡ್ಕೊಳ್ಳೋಕಾಗಲ್ಲ."

ಒಳಗೆ ಅಕ್ಕನ ಕೈಯಿಂದ ಇಸ್ತ್ರಿಪೆಟ್ಟಿಗೆ ದಢಾರನೆ ಬಿತ್ತು. ನಾಲಿಗೆಯ ತುದಿಯಲ್ಲಿದ್ದ ಮಾತು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಅದರ ಜಾಗದಲ್ಲಿ ಬೇರೆಯದೇ ಬಂತು.

"ಆಡುಗಳಿಗೆ ನೀವು ಬೇಕಾಗಿಲ್ಲ, ನಿಜ," ಎಂದೆ. "ನನಗೆ ಬೇಕು."

ಅವರು ನಂಬಲಾರದೆ ನನ್ನನ್ನೇ ನೋಡಿದರು.

"ಏನಂದೆ?"

"ಇನ್ನೊಂದು ಸಲ ಹೇಳಲ್ಲ. ಚೀಲ ಎತ್ತಿಕೊಳ್ಳಿ."